ಕ್ಸೆನೋಪಸ್: ಹೊರತೆಗೆದ ಮಿದುಳಿನಲ್ಲಿ ನಿಧಾನ ಟ್ರಿಲ್ ಬರುತ್ತಿದೆ, ವೇಗದ ಟ್ರಿಲ್ ಇಲ್ಲ

ಶಾಲ್ಮಲಾ:
ವಯಸ್ಕ ಗಂಡು ಕ್ಸೆನೋಪಸ್ ಲೇವಿಸ್ (ಆಫ್ರಿಕದ ಕಪ್ಪೆ). ಗಂಡಿನ ಕೂಗು ಟ್ರಿಲ್, ಅಂದರೆ ಸಾಲು ಕ್ಲಿಕ್‌ಗಳು; ಹೊರತೆಗೆದ ಮಿದುಳಿನಲ್ಲಿ ಅದೇ ಲಯದ ನರಪಲ್ಸ್ ದಾಖಲಿಸುತ್ತಿದ್ದೇನೆ. ಇಡೀ ಮಿದುಳು 20 ಮಿ.ಲೀ. ಡಿಶ್‌ನಲ್ಲಿ, 22 ಡಿಗ್ರಿ. ಧ್ವನಿಪೆಟ್ಟಿಗೆಗೆ ಹೋಗುವ ಎರಡೂ ನರಗಳ ಮೇಲೆ ಸಕ್ಷನ್ ಎಲೆಕ್ಟ್ರೋಡ್ (ನರವನ್ನು ಹೀರಿ ಹಿಡಿಯುವ ವಿದ್ಯುದ್ವಾರ). ಲ್ಯಾಬ್ ಅಮೆರಿಕದಲ್ಲಿದೆ, ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇದೆ.

ಸಲೈನ್ (ಮಿಲಿಮೋಲಾರ್‌ನಲ್ಲಿ): ಸೋಡಿಯಂ ಕ್ಲೋರೈಡ್ 96, ಸೋಡಿಯಂ ಬೈಕಾರ್ಬನೇಟ್ 20, ಕ್ಯಾಲ್ಸಿಯಂ ಕ್ಲೋರೈಡ್ 2, ಪೊಟ್ಯಾಸಿಯಂ ಕ್ಲೋರೈಡ್ 2, ಮೆಗ್ನೀಸಿಯಂ ಕ್ಲೋರೈಡ್ 0.5, ಹೆಪಿಸ್ (ಪಿಎಚ್ ಹಿಡಿದಿಡುವ ಬಫರ್) 10, ಗ್ಲೂಕೋಸ್ 11. ಬೆರೆಸುವಾಗ ಪಿಎಚ್ 7.8. ಗ್ಯಾಸ್: 95 ಆಮ್ಲಜನಕ, 5 ಇಂಗಾಲದ ಡೈಆಕ್ಸೈಡ್.

ಸೆರೊಟೋನಿನ್ 60 ಮೈಕ್ರೊಮೋಲಾರ್ ಹಾಕಿದರೆ ಸುಮಾರು 30 ಹರ್ಟ್ಸ್‌ನ ನಿಧಾನ ಟ್ರಿಲ್ ಎರಡೂ ಬದಿ ಬರುತ್ತದೆ. 60ರ ಹತ್ತಿರದ ವೇಗದ ಟ್ರಿಲ್ ಬರುವುದೇ ಇಲ್ಲ. ಸೆರೊಟೋನಿನ್ ಹಾಕುವ ಮೊದಲೂ ಆಗಾಗ ದಪ್ಪ ಬರ್ಸ್ಟ್ (ಪಲ್ಸ್‌ಗಳ ಗುಂಪು) ಕಾಣುತ್ತದೆ, ಅದೇನು? ಆಂಪ್ಲಿಫೈಯರ್‌ನಲ್ಲಿ ಹೈಪಾಸ್ (ಕೆಳಗಿನ ಆವರ್ತನ ಕಳೆಯುವ ಫಿಲ್ಟರ್) 300 ಹರ್ಟ್ಸ್, ನಾಚ್ (ಗೋಡೆಯ ಕರೆಂಟ್‌ನ ಆವರ್ತನವನ್ನಷ್ಟೇ ಕಳೆಯುವ ಫಿಲ್ಟರ್) ಆನ್.

ನರತಂತು:
ಮೊದಲು ನಾಚ್ ಆಫ್ ಮಾಡಿ. ನಿಮ್ಮಲ್ಲಿ ಗೋಡೆಯ ಕರೆಂಟ್ 60 ಹರ್ಟ್ಸ್, ನೀವು ಹುಡುಕುತ್ತಿರುವ ಟ್ರಿಲ್ಲೂ ಅಲ್ಲೇ ಇದೆ. ಹಮ್ (ಕರೆಂಟ್‌ನ ಗದ್ದಲ) ಕಳೆಯಲು ಹಾಕಿದ ಫಿಲ್ಟರ್ ಸಿಗ್ನಲ್ಲನ್ನೂ ತಿನ್ನುತ್ತದೆ. ಹಮ್ ಇದ್ದರೆ ಗ್ರೌಂಡ್ ಸರಿಮಾಡಿ, ಪಂಪ್ ಮತ್ತು ದೀಪದ ಅಡಾಪ್ಟರನ್ನು ಫ್ಯಾರಡೇ ಕೇಜ್‌ನಿಂದ ಹೊರಗಿಡಿ. ಹೈಪಾಸ್ 10 ಹರ್ಟ್ಸ್‌ಗೆ ಇಳಿಸಿ, ಗೇನ್ 1000 ಸಾಕು.

ಸ್ಪೆಕ್ಟ್ರಮ್ ನೋಡಿ ತೀರ್ಮಾನಕ್ಕೆ ಬರಬೇಡಿ. 30ರ ಟ್ರಿಲ್‌ನ ಎರಡನೇ ಹಾರ್ಮೋನಿಕ್ (ಎರಡರಷ್ಟು ಆವರ್ತನದ ಘಟಕ) ಕೂಡ 60ರಲ್ಲೇ ಬೀಳುತ್ತದೆ. ಎರಡು ಪಲ್ಸ್‌ಗಳ ನಡುವಿನ ಅಂತರ ಅಳೆಯಿರಿ: ವೇಗದ್ದಕ್ಕೆ 16–17 ಮಿಲಿಸೆಕೆಂಡ್, ನಿಧಾನದ್ದಕ್ಕೆ ಸುಮಾರು 33. ಈ ಕಪ್ಪೆಯಲ್ಲಿ ಒಂದು ನರಪಲ್ಸ್ ಅಂದರೆ ಧ್ವನಿಪೆಟ್ಟಿಗೆಯ ಒಂದು ಕ್ಲಿಕ್. ಕೂಗಲು ಉಸಿರು ಬೇಕಿಲ್ಲ, ಹಾಗಾಗಿ ನರದ ದಾಖಲೆಯನ್ನೇ ಕೂಗು ಎಂದು ಓದಬಹುದು. ಇಷ್ಟು ನೇರವಾದ ಪ್ರಿಪರೇಶನ್ ಕಶೇರುಕಗಳಲ್ಲಿ ಅಪರೂಪ!

ದಪ್ಪ ಬರ್ಸ್ಟ್ ಉಸಿರಾಟದ್ದು. ಗಂಟಲದ್ವಾರ ತೆರೆಯುವ ಮೋಟಾರ್ ನರಕೋಶಗಳ ತಂತುಗಳೂ ಇದೇ ನರದಲ್ಲಿ ಹೊರಬರುತ್ತವೆ. ಅದು ಕಂಡರೆ ಮಿದುಳು ಕಾಂಡ ಜೀವಂತವಾಗಿದೆ ಎಂದರ್ಥ.

ಕಪ್ಪೆಗೂಡು:
ನಾಚ್ ತೆಗೆದ ಮೇಲೂ ಬರದಿದ್ದರೆ ನನ್ನ ಅನುಮಾನ ಗ್ಯಾಸ್ ಮೇಲೆ. 95/5 ಸಿಲಿಂಡರ್ ಇಲಿಯ ಮಿದುಳಿನ ಸ್ಲೈಸ್‌ಗೆ ಸರಿ. 20 ಮಿಲಿಮೋಲಾರ್ ಬೈಕಾರ್ಬನೇಟ್ ಇರುವ ಈ ಸಲೈನ್‌ಗೆ ಅದನ್ನು ಬಿಟ್ಟರೆ ಪಿಎಚ್ 7.3ರ ಆಸುಪಾಸಿಗೆ ಕುಸಿಯುತ್ತದೆ. ಬೆರೆಸುವಾಗ ಅಳೆದ 7.8 ಲೆಕ್ಕಕ್ಕಿಲ್ಲ; ಅರ್ಧ ಗಂಟೆ ಗ್ಯಾಸ್ ಹಾಯಿಸಿ, ಡಿಶ್‌ನಲ್ಲೇ ಅಳೆಯಿರಿ. ಇಲ್ಲಿಗೆ ಬೇಕಾದ್ದು 99/1 (99 ಆಮ್ಲಜನಕ, 1 ಇಂಗಾಲದ ಡೈಆಕ್ಸೈಡ್).

ಬರೀ ವೇಗದ ಟ್ರಿಲ್ಲೇ ಏಕೆ ಕೈಕೊಡುತ್ತದೆ? ನಿಧಾನ ಟ್ರಿಲ್‌ನ ಲಯ ಮೋಟಾರ್ ನ್ಯೂಕ್ಲಿಯಸ್‌ನ (ಧ್ವನಿಪೆಟ್ಟಿಗೆ ನಡೆಸುವ ನರಕೋಶಗಳ ಗುಂಪು) ಜಾಗದಲ್ಲೇ ಹುಟ್ಟುತ್ತದೆ. ವೇಗದ್ದಕ್ಕೆ ಅದರ ಜೊತೆ ಮುಂದಿರುವ ಡಿಟ್ಯಾಮ್ (ಮಿದುಳು ಕಾಂಡದ ಇನ್ನೊಂದು ಕೂಗು ಕೇಂದ್ರ) ಕೂಡ ಬೇಕು. ಎರಡರ ನಡುವಿನ ದಾರಿ ಕತ್ತರಿಸಿದರೆ ಆ ಬದಿಯ ವೇಗದ ಟ್ರಿಲ್ ಹೋಗುತ್ತದೆ, ನಿಧಾನದ್ದು ಉಳಿಯುತ್ತದೆ. ಡಿಟ್ಯಾಮ್‌ನ ವೇಗದ ಟ್ರಿಲ್ ನರಕೋಶಗಳು ಎನ್‌ಎಂಡಿಎ ಗ್ರಾಹಕಗಳನ್ನು (ಗ್ಲುಟಮೇಟ್‌ಗೆ ಸ್ಪಂದಿಸುವ ಒಂದು ಬಗೆ) ನೆಚ್ಚಿವೆ. ಪಿಎಚ್ ಇಳಿದಂತೆ ಆ ಗ್ರಾಹಕಗಳು ಮಂಕಾಗುತ್ತವೆ. ನಿಮ್ಮ ಲಕ್ಷಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಹಾರ್ಮೋನ್ ಕೊರತೆ ಅನ್ನಿಸುವುದಿಲ್ಲ, ನಿಧಾನ ಟ್ರಿಲ್ ಬರುತ್ತಿದೆಯಲ್ಲ. ಎರಡೂ ಇಲ್ಲದಿದ್ದರೆ ಆಗ ಕೇಳುತ್ತಿದ್ದೆ: ಮುಂಗೈಯ ಹಿಡಿಪಟ್ಟಿ (ಹೆಣ್ಣನ್ನು ಹಿಡಿಯಲು ಗಂಡಿಗಿರುವ ಒರಟು ಚರ್ಮ) ಕಪ್ಪಗಿತ್ತೇ, ಹಿಂದಿನ ದಿನ ಎಚ್‌ಸಿಜಿ (ಕೂಗಿಗೆ ಪ್ರಚೋದಿಸುವ ಹಾರ್ಮೋನ್) ಕೊಟ್ಟಾಗ ಕೂಗಿತೇ ಎಂದು.

ನರತಂತು:
ಸೆರೊಟೋನಿನ್ ಬಾಟಲಿಯ ಲೇಬಲ್ ಕೂಡ ನೋಡಿ. ಹೈಡ್ರೋಕ್ಲೋರೈಡ್ ಆದರೆ ಅಣುತೂಕ 212.7: 4.25 ಮಿ.ಗ್ರಾಂ.ಗೆ 1 ಮಿ.ಲೀ. ನೀರು ಸೇರಿಸಿದರೆ 20 ಮಿಲಿಮೋಲಾರ್, ಅದರ 60 ಮೈಕ್ರೊಲೀಟರ್ ನಿಮ್ಮ ಡಿಶ್‌ಗೆ ಸರಿ. ಕ್ರಿಯಾಟಿನಿನ್ ಸಲ್ಫೇಟ್ ಲವಣವಾದರೆ ಅಣುತೂಕ 405, ಅಷ್ಟೇ ತೂಗಿದರೆ ಸಾಂದ್ರತೆ ಅರ್ಧಕ್ಕೆ ಬರುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಸ್ಟಾಕ್ ಚೆಲ್ಲಿಬಿಡಿ. ಪಂಪ್ ನಿಲ್ಲಿಸಿ ಹಾಕಿ, ಐದು ನಿಮಿಷಕ್ಕೆ ತೊಳೆಯಿರಿ, ಮತ್ತೆ ಹಾಕುವ ಮುನ್ನ ಒಂದು ಗಂಟೆ ಬಿಡಿ. ಬೇಗ ಬೇಗ ಹಾಕಿದರೆ ಪ್ರತಿಕ್ರಿಯೆ ಸೊರಗುತ್ತದೆ.

ಶಾಲ್ಮಲಾ:
ಡಿಶ್‌ನಲ್ಲಿ ಪಿಎಚ್ 7.35 ಇತ್ತು. 99/1 ಹಾಕಿದ ಮೇಲೆ 7.8ರ ಹತ್ತಿರ ನಿಂತಿದೆ. ಈಗ 17 ಮಿಲಿಸೆಕೆಂಡ್ ಅಂತರದ ಪಲ್ಸ್ ಸಿಗುತ್ತಿದೆ, ಎಡಕ್ಕೆ ಮಾತ್ರ. ನಿಧಾನ ಟ್ರಿಲ್ ಎರಡೂ ಕಡೆ ಇದೆ. ಬಲ ಎಲೆಕ್ಟ್ರೋಡ್‌ನ ಹಿಡಿತ ಸಡಿಲವೇ?

ಕಪ್ಪೆಗೂಡು:
ಹಿಡಿತ ಸಡಿಲವಿದ್ದರೆ ಎರಡು ಟ್ರಿಲ್ಲೂ ಕುಗ್ಗಬೇಕಿತ್ತು. ಬಲಭಾಗದಲ್ಲಿ ಡಿಟ್ಯಾಮ್‌ನಿಂದ ಮೋಟಾರ್ ನ್ಯೂಕ್ಲಿಯಸ್‌ವರೆಗಿನ ದಾರಿಗೆ ಪೆಟ್ಟಾಗಿರಬೇಕು. ನಾಲ್ಕನೇ ಕುಹರದ ಮೇಲಿನ ಪೊರೆ ಸುಲಿಯುವಾಗ ಚಿಮಟವನ್ನು ಪಕ್ಕಕ್ಕೆ ಎಳೆದರೆ ಹೀಗಾಗಬಹುದು. ಪೊರೆಯನ್ನು ಮಧ್ಯದಲ್ಲಿ ಕತ್ತರಿಸಿ, ಹಿಂದಿನಿಂದ ಮುಂದಕ್ಕೆ ಎತ್ತಿ. ಬೆನ್ನುಮೂಳೆ ಕಡೆಯ ಬೇರುಗಳನ್ನು ಎಳೆಯಬೇಡಿ, ಕತ್ತರಿಸಿ.

ಮುಂದಿನ ಮಿದುಳಿನಲ್ಲಿ ಎರಡೂ ಬದಿ ವೇಗದ ಟ್ರಿಲ್ ಬಂದು, ಪಲ್ಸ್‌ಗಳು ಒಂದಕ್ಕೊಂದು ತಾಳ ತಪ್ಪಿದ್ದರೆ ಮಧ್ಯರೇಖೆ ಹರಿದಿದೆಯೇ ನೋಡಿ. ಲಯ ಹುಟ್ಟಿಸುವ ವ್ಯವಸ್ಥೆ ಪ್ರತಿ ಬದಿಯಲ್ಲೂ ಇದೆ, ಎರಡನ್ನೂ ಒಟ್ಟಿಗೆ ನಡೆಸುವುದು ನಡುವೆ ದಾಟುವ ತಂತುಗಳು.