ಆಫೀಸಿನ ಸರ್ವರ್‌ಗೆ ಪಾಸ್‌ವರ್ಡ್ ಬಿಟ್ಟು ಎಸ್‌ಎಸ್‌ಎಚ್ ಕೀ: ಯಾವುದು, ಎಷ್ಟು, ಎಲ್ಲಿ ಎಡವ್ತೀವಿ?

ಪ್ರಶ್ನೆ (ತುಮಕೂರು)

ವಸಂತನರಸಾಪುರದಲ್ಲಿ ನಮ್ಮದೊಂದು ಸಣ್ಣ ಆಫೀಸ್. ಉಬುಂಟು 22.04 ಹಾಕಿರೋ ಎರಡು ಸರ್ವರ್ ಇವೆ. ಒಂದು ಇಲ್ಲೇ ರ‍್ಯಾಕ್‌ನಲ್ಲಿದೆ, ಇನ್ನೊಂದು ಮುಂಬೈ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ತಗೊಂಡಿರೋ ಕ್ಲೌಡ್ ಮಷೀನ್. ಲಾಗಿನ್ ಆಗೋರು ಐದು ಜನ. ಯೂಸರ್ ಒಂದೇ, ಪಾಸ್‌ವರ್ಡೂ ಒಂದೇ, ಅದು ವಾಟ್ಸ್ಆ್ಯಪ್ ಗ್ರೂಪಲ್ಲೇ ಬಿದ್ದಿದೆ. ಒಬ್ಬರು ಕೆಲಸ ಬಿಡ್ತಿದ್ದಾರೆ. ಲಾಗ್ ನೋಡಿದ್ರೆ ಹೊರಗಿನವರು ರಾತ್ರಿಯೆಲ್ಲ ಪಾಸ್‌ವರ್ಡ್ ಊಹಿಸ್ತಾ ಕೂತಿರೋದು ಕಾಣ್ತದೆ. ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಭದ್ರವಾಗಿ ಲಾಗಿನ್ ಆಗೋ ವಿಧಾನ) ಕೀಗೆ, ಅಂದ್ರೆ ಪಾಸ್‌ವರ್ಡ್ ಬದಲು ಲ್ಯಾಪ್‌ಟಾಪಲ್ಲಿರೋ ಗುಟ್ಟಿನ ಫೈಲಿಗೆ, ಬದಲಾಗಬೇಕು. ಮೂವರದು ವಿಂಡೋಸ್ ಲ್ಯಾಪ್‌ಟಾಪ್, ಇಬ್ಬರದು ಉಬುಂಟು. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಕೋಲಾರದಿಂದ

ಮೇಡಂ, ಒಂದು ಕೀ ಮಾಡಿ ಐದು ಜನಕ್ಕೆ ಹಂಚೋ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಹಾಗೆ ಮಾಡಿದರೆ ವಾಟ್ಸ್ಆ್ಯಪ್ ಪಾಸ್‌ವರ್ಡ್ ಜಾಗದಲ್ಲಿ ವಾಟ್ಸ್ಆ್ಯಪ್ ಕೀ ಬಂತು, ಅಷ್ಟೇ. ಒಬ್ಬೊಬ್ಬರಿಗೆ ಒಂದೊಂದು ಯೂಸರ್, ಒಂದೊಂದು ಲ್ಯಾಪ್‌ಟಾಪ್‌ಗೆ ಒಂದೊಂದು ಕೀ. ಎರಡು ಲ್ಯಾಪ್‌ಟಾಪ್ ಇರೋರಿಗೆ ಎರಡು ಕೀ. ಪ್ರೈವೇಟ್ ಕೀ ಯಾವ ಮಷೀನಲ್ಲಿ ಹುಟ್ಟಿತೋ ಅಲ್ಲೇ ಇರಬೇಕು. ಪೆನ್‌ಡ್ರೈವ್, ಮೇಲ್, ಡ್ರೈವ್ ಯಾವುದಕ್ಕೂ ಹೋಗಬಾರದು. ನಿಮ್ಮ ಕೈಗೆ ಬರಬೇಕಾದ್ದು ಅದರ ಜೋಡಿ, ಡಾಟ್ ಪಬ್ ಅಂತ ಕೊನೆಯಾಗೋ ಪಬ್ಲಿಕ್ ಕೀ ಫೈಲ್ ಮಾತ್ರ.

ಕಮಾಂಡ್: ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 -ಎ 100 -ಸಿ "ಹೆಸರು-ಲ್ಯಾಪ್‌ಟಾಪ್-2026". ಕೊನೇ ಸಿ ಮಾತ್ರ ಕ್ಯಾಪಿಟಲ್, ಉಳಿದ ಅಕ್ಷರ ಚಿಕ್ಕವು. ವಿಂಡೋಸ್ 10ರಲ್ಲಿ 1809 ಆವೃತ್ತಿಯಿಂದ ಈಚೆಗೆ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಸಿಸ್ಟಂ ಜೊತೆಗೇ ಬರುತ್ತೆ, ಪವರ್‌ಶೆಲ್‌ನಲ್ಲೂ ಇದೇ ಕಮಾಂಡ್ ಓಡುತ್ತೆ. -ಎ 100 ಹಾಕೋದು ಪಾಸ್‌ಫ್ರೇಸ್ (ಕೀ ಫೈಲಿಗೆ ಹಾಕೋ ಬೀಗದ ಪದಗಳು) ಊಹಿಸೋನ ಕೆಲಸ ನಿಧಾನ ಮಾಡೋಕೆ. ನಿಮಗೆ ಕೀ ತೆರೆಯುವಾಗ ಒಂಚೂರು ತಡ ಆಗುತ್ತೆ, ಕದ್ದ ಫೈಲ್ ಇಟ್ಕೊಂಡು ಲಕ್ಷಾಂತರ ಪದ ಪ್ರಯತ್ನಿಸೋನಿಗೆ ಪ್ರತಿ ಪದಕ್ಕೂ ಅಷ್ಟೇ ತಡ. ಕಾಮೆಂಟ್ ಖಾಲಿ ಬಿಡಬೇಡಿ. ಎರಡು ವರ್ಷ ಆದಮೇಲೆ ಸಾಲು ಯಾರದು ಅಂತ ಹೇಳೋದು ಅದೊಂದೇ.

ಪಾಸ್‌ಫ್ರೇಸ್ ಕೇಳಿದಾಗ ಎಂಟರ್ ಒತ್ತಿ ದಾಟಿಬಿಡ್ತಾರೆ, ಅದು ಬೇಡ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಸಾಕು. ಟೈಪ್ ಮಾಡುವಾಗ ಪರದೆ ಮೇಲೆ ಚುಕ್ಕಿನೂ ಕಾಣಲ್ಲ, ಕೀಬೋರ್ಡ್ ಕೆಟ್ಟಿದೆ ಅಂದ್ಕೋಬೇಡಿ. ಮರೆತರೆ ರೀಸೆಟ್ ಅನ್ನೋದು ಇಲ್ಲ, ಹೊಸ ಕೀ ಮಾಡಿಕೊಳ್ಳೋದೇ.

ಇಡಿ25519 ಅನ್ನೋ ಕೀ ಜಾತಿ ಓಪನ್‌ಎಸ್‌ಎಸ್‌ಎಚ್‌ಗೆ ಬಂದಿದ್ದು 6.5 ಆವೃತ್ತಿಯಲ್ಲಿ, 2014ಕ್ಕೆ. ನಿಮ್ಮ ಸರ್ವರ್‌ಗಳಿಗೆ ತೊಂದರೆ ಇಲ್ಲ. ಇದು ಅರ್ಥವಾಗದ ಹಳೇ ಸ್ವಿಚ್ಚು, ರೂಟರ್ ಇದ್ದರೆ ಅದಕ್ಕೆ ಮಾತ್ರ ಬೇರೆ ಆರ್‌ಎಸ್‌ಎ ಕೀ, 3072 ಅಥವಾ 4096 ಬಿಟ್. ಡಿಎಸ್‌ಎ ಅನ್ನೋ ಹಳೇ ಜಾತಿ ಕಡೆ ತಿರುಗಿಯೂ ನೋಡಬೇಡಿ. 2015ರಲ್ಲೇ ಅದನ್ನ ಡೀಫಾಲ್ಟ್ ಆಗಿ ಬಂದ್ ಮಾಡಿದರು, 2025ರ 10.0ರಲ್ಲಿ ಪೂರ್ತಿ ಕಿತ್ತುಹಾಕಿದರು.

ಚಿಂತಾಮಣಿಯಿಂದ

ಆರ್‌ಎಸ್‌ಎ ವಿಚಾರಕ್ಕೆ ಒಂದು ಮಾತು ಸೇರಿಸ್ತೀನಿ, ಬಹಳ ಜನ ತಪ್ಪು ತಿಳ್ಕೊಂಡಿದ್ದಾರೆ. 2021ರ 8.8 ಆವೃತ್ತಿಯಲ್ಲಿ ಡೀಫಾಲ್ಟ್ ಆಗಿ ನಿಂತಿದ್ದು ಎಸ್‌ಎಚ್‌ಎ-1 ಬಳಸೋ ಹಳೇ ಸಹಿ (ಲಾಗಿನ್ ಆಗುವಾಗ ಕೀಯಿಂದ ಹಾಕೋ ಗುರುತು) ಮಾತ್ರ, ಆರ್‌ಎಸ್‌ಎ ಕೀ ಅಲ್ಲ. ಅದೇ ಹಳೇ ಕೀ ಎಸ್‌ಎಚ್‌ಎ-2 ಸಹಿ ಜೊತೆ ಈಗಲೂ ನಡೆಯುತ್ತೆ. ಉಬುಂಟು 22.04ರಲ್ಲಿ ಇರೋದು 8.9. ಅಲ್ಲಿಂದ ತೀರಾ ಹಳೇ ಮಷೀನ್‌ಗೆ ಹೋಗುವಾಗ ಲಾಗಿನ್ ನಿರಾಕರಿಸಿದರೆ ಇನ್ನೊಂದು ಆರ್‌ಎಸ್‌ಎ ಕೀ ಮಾಡಿ ಪ್ರಯೋಜನ ಇಲ್ಲ, ಆ ಮಷೀನಿನ ಸಾಫ್ಟ್‌ವೇರ್ ಬದಲಾಗಬೇಕು.

ಈಗ ಪಬ್ಲಿಕ್ ಕೀನ ಸರ್ವರ್‌ಗೆ ಹಾಕೋದು. ಉಬುಂಟು ಲ್ಯಾಪ್‌ಟಾಪಿಂದ ಎಸ್‌ಎಸ್‌ಎಚ್-ಕಾಪಿ-ಐಡಿ -ಐ ಕೊಟ್ಟು ಪಬ್ ಫೈಲ್ ಹೆಸರು, ಯೂಸರ್, ಸರ್ವರ್ ಬರೆದರೆ ಮುಗೀತು, ಪರ್ಮಿಷನ್ ಕೂಡ ಅದೇ ಸರಿ ಮಾಡುತ್ತೆ. ವಿಂಡೋಸ್‌ನಲ್ಲಿ ಆ ಕಮಾಂಡ್ ಇಲ್ಲ. ಪಬ್ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೆದು, ಕಾಪಿ ಮಾಡಿ, ಸರ್ವರ್‌ನಲ್ಲಿ ಆ ಯೂಸರ್‌ನ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನ ಆಥರೈಸ್ಡ್ ಕೀಸ್ ಫೈಲಿಗೆ ಸೇರಿಸಿ.

ಒಂದು ಕೀ ಅಂದ್ರೆ ಒಂದೇ ಸಾಲು. ಮೇಲ್‌ನಲ್ಲೋ ಮೆಸೇಜಲ್ಲೋ ಬಂದ ಕೀ ನಡುವೆ ಮುರಿದು ಎರಡು ಸಾಲಾಗಿರುತ್ತೆ, ನೋಡೋಕೆ ಸರಿಯಾಗೇ ಕಾಣುತ್ತೆ, ಲಾಗಿನ್ ಮಾತ್ರ ಆಗಲ್ಲ. ಇಡಿ25519 ಆದರೆ ಪತ್ತೆ ಸುಲಭ: ಮೊದಲು ಕೀ ಜಾತಿಯ ಹೆಸರು, ಒಂದು ಸ್ಪೇಸ್, ಆಮೇಲೆ ಸರಿಯಾಗಿ 68 ಅಕ್ಷರ, ಅದರಲ್ಲಿ ಮೊದಲ ನಾಲ್ಕು ಎ, ಐದನೇದು ಸಿ. ಮತ್ತೊಂದು ಸ್ಪೇಸ್, ಕಾಮೆಂಟ್. 68ಕ್ಕಿಂತ ಕಮ್ಮಿ ಇದ್ದರೆ ಎಲ್ಲೋ ತುಂಡಾಗಿದೆ. ಎಕೋ ಕಮಾಂಡ್‌ನಿಂದ ಸೇರಿಸೋರು ಎರಡು ಬಾಣದ ಗುರುತು ಹಾಕಿ. ಒಂದೇ ಬಾಣ ಹಾಕಿದರೆ ಫೈಲಲ್ಲಿದ್ದ ಬೇರೆಯವರ ಕೀ ಎಲ್ಲ ಅಳಿಸಿಹೋಗುತ್ತೆ.

ಪರ್ಮಿಷನ್: ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ 700, ಆಥರೈಸ್ಡ್ ಕೀಸ್ 600 (ಎರಡೂ ಅಂದ್ರೆ ಓನರ್ ಬಿಟ್ಟು ಬೇರೆಯವರಿಗೆ ಪ್ರವೇಶ ಇಲ್ಲ), ಎರಡೂ ಆ ಯೂಸರ್ ಹೆಸರಲ್ಲೇ ಇರಬೇಕು. ಸೂಡೋ (ರೂಟ್, ಅಂದ್ರೆ ಅಡ್ಮಿನ್ ಅಧಿಕಾರ) ಹಾಕಿ ಫೈಲ್ ಮಾಡಿದರೆ ಓನರ್ ರೂಟ್ ಆಗಿಬಿಡುತ್ತೆ, ಚೌನ್ (ಓನರ್ ಬದಲಾಯಿಸೋ ಕಮಾಂಡ್) ಮರೀಬೇಡಿ. ಇಷ್ಟೆಲ್ಲ ಸರಿ ಇದ್ದೂ ಪಾಸ್‌ವರ್ಡ್ ಕೇಳ್ತಿದ್ದರೆ ಹೋಮ್ ಫೋಲ್ಡರ್ ನೋಡಿ. ಯಾರೋ ಫೈಲ್ ಶೇರಿಂಗ್‌ಗೆ ಅಂತ 777 ಮಾಡಿಟ್ಟಿರ್ತಾರೆ. ಗ್ರೂಪ್ ಅಥವಾ ಬೇರೆಯವರು ಬರೆಯೋ ಹಾಗಿದ್ದರೆ ಸರ್ವರ್ ಆ ಕೀನ ನಂಬಲ್ಲ, ಆದರೆ ನಿಮ್ಮ ಪರದೆಗೆ ಕಾರಣನೂ ಹೇಳಲ್ಲ. ಕಾರಣ ಇರೋದು ಸರ್ವರಿನ ಆತ್ ಲಾಗ್‌ನಲ್ಲಿ, "ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್" ಅನ್ನೋ ಸಾಲು.

ಗೌರಿಬಿದನೂರಿನಿಂದ

ಪಾಸ್‌ವರ್ಡ್ ಬಂದ್ ಮಾಡೋ ಹಂತಕ್ಕೆ ಬರ್ತೀನಿ, ಹೊರಗೆ ಸಿಕ್ಕಿಹಾಕೊಳ್ಳೋದು ಇಲ್ಲೇ. ಐದೂ ಜನ ಕೀಯಿಂದ ಲಾಗಿನ್ ಆಗಿ ತೋರಿಸೋವರೆಗೆ ಮುಟ್ಟಬೇಡಿ.

ಬೇಕಾದ ಸಾಲು ಮೂರು. ಪಾಸ್‌ವರ್ಡ್ ಅಥೆಂಟಿಕೇಷನ್ ನೋ, ಕೀಬೋರ್ಡ್ ಇಂಟರ‍್ಯಾಕ್ಟಿವ್ ಅಥೆಂಟಿಕೇಷನ್ ನೋ, ಪರ್ಮಿಟ್ ರೂಟ್ ಲಾಗಿನ್ ನೋ. ಮುಖ್ಯ ಕಾನ್ಫಿಗ್ ಫೈಲಲ್ಲಿ ಇದನ್ನ ಬರೆದು, ರೀಲೋಡ್ ಕೊಟ್ಟು, ಆಯ್ತು ಅಂತ ಎದ್ದು ಹೋಗೋರೇ ಹೆಚ್ಚು. ಉಬುಂಟು 22.04ರಲ್ಲಿ ಆ ಫೈಲಿನ ತಲೆಯಲ್ಲೇ ಒಂದು ಇನ್‌ಕ್ಲೂಡ್ ಸಾಲಿದೆ, ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ ಫೋಲ್ಡರಿನ ಫೈಲುಗಳನ್ನ ಮೊದಲು ಓದುತ್ತೆ. ಈ ಪ್ರೋಗ್ರಾಮಿನ ಪದ್ಧತಿ ಏನಂದ್ರೆ ಮೊದಲು ಸಿಕ್ಕಿದ ಸೆಟ್ಟಿಂಗೇ ಖಾಯಂ, ಆಮೇಲೆ ಬಂದಿದ್ದು ಲೆಕ್ಕಕ್ಕಿಲ್ಲ. ಕ್ಲೌಡ್ ಮಷೀನಲ್ಲಿ ಆ ಫೋಲ್ಡರಲ್ಲಿ 50-ಕ್ಲೌಡ್-ಇನಿಟ್ ಅನ್ನೋ ಫೈಲ್ ಕೂತಿದ್ದು ಅದರಲ್ಲಿ ಪಾಸ್‌ವರ್ಡ್ ಯೆಸ್ ಅಂತ ಇದ್ದರೆ, ನೀವು ಕೆಳಗೆ ಎಷ್ಟು ಸಲ ನೋ ಬರೆದರೂ ಬಾಗಿಲು ತೆರೆದೇ ಇರುತ್ತೆ. ಹಾಗಾಗಿ ಅದೇ ಫೋಲ್ಡರಲ್ಲಿ 10ರಿಂದ ಶುರುವಾಗೋ ಹೆಸರಿನ ನಿಮ್ಮದೊಂದು ಫೈಲ್ ಮಾಡಿ, ಆ ಮೂರು ಸಾಲು ಅಲ್ಲಿಡಿ. ಫೈಲಿನ ಹೆಸರು ಡಾಟ್ ಕಾನ್ಫ್ ಅಂತ ಮುಗಿಯಬೇಕು, ಇಲ್ಲದಿದ್ದರೆ ಓದೋದೇ ಇಲ್ಲ.

ಆಮೇಲೆ ಸೂಡೋ ಎಸ್‌ಎಸ್‌ಎಚ್‌ಡಿ -ಟಿ, ಚಿಕ್ಕ ಟಿ: ಅಕ್ಷರ ತಪ್ಪಿದ್ದರೆ ಸಾಲಿನ ನಂಬರ್ ಹೇಳುತ್ತೆ. ಅದೇ ಕ್ಯಾಪಿಟಲ್ ಟಿ ಕೊಟ್ಟರೆ ನಿಜಕ್ಕೂ ಜಾರಿಗೆ ಬರೋ ಸೆಟ್ಟಿಂಗ್‌ಗಳನ್ನೆಲ್ಲ ಪಟ್ಟಿ ಮಾಡುತ್ತೆ. ನಂಬಬೇಕಾದ್ದು ಈ ಪಟ್ಟಿನ, ಫೈಲನ್ನಲ್ಲ. ಸರ್ವಿಸ್ ಹೆಸರು ಉಬುಂಟುನಲ್ಲಿ ಎಸ್‌ಎಸ್‌ಎಚ್, ರೆಡ್‌ಹ್ಯಾಟ್ ಜಾತಿಯವುಗಳಲ್ಲಿ ಎಸ್‌ಎಸ್‌ಎಚ್‌ಡಿ.

ರೀಲೋಡ್ ಕೊಡುವಾಗ ಈಗಿರೋ ಕಿಟಕಿ ಮುಚ್ಚದೆ, ಎರಡನೇ ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡಿ ಅಂತ ಎಲ್ಲರೂ ಹೇಳ್ತಾರೆ. ಸರಿಯಾದ ಮಾತೇ, ಆದರೆ ನಮ್ಮ ಕಡೆ ಅದೊಂದನ್ನೇ ನಂಬೋ ಹಾಗಿಲ್ಲ. ಕರೆಂಟ್ ಹೋಗಿ ರೂಟರ್ ಆರಿದರೆ ತೆರೆದಿಟ್ಟ ಕಿಟಕಿನೂ ಹೋಯ್ತು. ಮೊದಲೇ ಒಂದು ಹಿಂದಿರುಗೋ ದಾರಿ ಇಡಿ: ಸೂಡೋ ಸಿಸ್ಟಂಡಿ-ರನ್‌ಗೆ ಆನ್-ಆ್ಯಕ್ಟಿವ್ 10 ನಿಮಿಷ ಅಂತ ಕೊಟ್ಟು, ಹತ್ತು ನಿಮಿಷಕ್ಕೆ ನಿಮ್ಮ ಹೊಸ ಫೈಲ್ ಅಳಿಸಿ ರೀಲೋಡ್ ಮಾಡೋ ಒಂದು ಸಾಲು ನೇಮಿಸಿ. ಲಾಗಿನ್ ಸರಿಯಾಯ್ತು ಅಂದ್ರೆ ಆ ಟೈಮರ್ ನಿಲ್ಲಿಸಿ. ರ‍್ಯಾಕಿನ ಮಷೀನ್‌ಗೆ ಮಾನಿಟರ್, ಕೀಬೋರ್ಡ್ ಇದೆ. ಮುಂಬೈದಕ್ಕೆ ಇರೋದು ಕಂಪನಿ ಕೊಡೋ ವೆಬ್ ಕನ್ಸೋಲ್ ಮಾತ್ರ, ಅದು ತೆರೆಯುತ್ತಾ, ಅಲ್ಲಿ ಕೊಡೋಕೆ ಪಾಸ್‌ವರ್ಡ್ ಗೊತ್ತಾ ಅಂತ ಮುಂಚೆಯೇ ನೋಡ್ಕೊಳ್ಳಿ.

ಪ್ರಶ್ನೆ ಕೇಳಿದವರು (ತುಮಕೂರು)

ತುಂಬಾ ಉಪಕಾರ ಆಯ್ತು. ಇನ್ನೆರಡು ಅನುಮಾನ. ಬಿಟ್ಟು ಹೋಗೋರ ಯೂಸರನ್ನ ಲಾಕ್ ಮಾಡಿದರೆ ಸಾಕಾ? ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಆಫೀಸಿಂದ ಮುಂಬೈಗೆ ಹೋಗುತ್ತೆ, ಅದಕ್ಕೆ ಪಾಸ್‌ಫ್ರೇಸ್ ಯಾರು ಹೊಡೀತಾರೆ?

ತಿಪಟೂರಿನಿಂದ

ಲಾಕ್ ಸಾಲದು ಮೇಡಂ. ಯೂಸರ್‌ಮಾಡ್‌ಗೆ ಕ್ಯಾಪಿಟಲ್ ಎಲ್ ಕೊಟ್ಟಾಗ ಕೆಡೋದು ಪಾಸ್‌ವರ್ಡ್ ಮಾತ್ರ, ಕೀ ಹಾಗೇ ನಡೆಯುತ್ತೆ. ಅಕೌಂಟಿನ ಅವಧಿ ಮುಗಿಸಬೇಕು: ಯೂಸರ್‌ಮಾಡ್‌ಗೆ ಎಕ್ಸ್‌ಪೈರ್‌ಡೇಟ್ 1 ಕೊಡಿ. ಜೊತೆಗೆ ಕೀ ಸಾಲನ್ನೂ ಅಳಿಸಿ. ಎಲ್ಲೆಲ್ಲಿ? ಅವರ ಹೋಮ್‌ನಲ್ಲಿ, ಹಳೇ ಸಾಮೂಹಿಕ ಯೂಸರ್‌ನಲ್ಲಿ, ರೂಟ್‌ನಲ್ಲಿ. ಇನ್ನೊಂದು ಮೂಲೆ ಯಾರೂ ನೋಡಲ್ಲ: ಉಬುಂಟು ಡೀಫಾಲ್ಟ್ ಆಗಿ ಆಥರೈಸ್ಡ್ ಕೀಸ್ ಜೊತೆ ಕೊನೆಗೆ 2 ಅಂಟಿಸಿದ ಇನ್ನೊಂದು ಫೈಲನ್ನೂ ಓದುತ್ತೆ. ಸಾಲು ಅಳಿಸಿದ ಮಾತ್ರಕ್ಕೆ ಆಗಲೇ ಒಳಗಿರೋರು ಹೊರಗೆ ಬೀಳಲ್ಲ. ಹೂ ಕಮಾಂಡಲ್ಲಿ ನೋಡಿ, ಪಿಕಿಲ್ -ಯು ಅವರ ಹೆಸರು ಕೊಟ್ಟು ಸೆಷನ್ ಮುಗಿಸಿ, ಅವರ ಕ್ರಾನ್‌ಟ್ಯಾಬ್ (ತಾನಾಗೇ ಓಡೋ ಕೆಲಸಗಳ ಪಟ್ಟಿ) ಕೂಡ ತೆಗೆದು ನೋಡಿ.

ಒಂದು ಶೀಟ್ ಇಟ್ಕೊಳ್ಳಿ: ಕೀಯ ಫಿಂಗರ್‌ಪ್ರಿಂಟ್ (ಕೀ ಗುರುತಿಸೋ ಚಿಕ್ಕ ಸಂಕೇತ), ಯಾರದು, ಯಾವ ಲ್ಯಾಪ್‌ಟಾಪ್, ಯಾವ ಸರ್ವರಲ್ಲಿದೆ, ಹಾಕಿದ ದಿನ. ಕೀಜೆನ್‌ಗೆ -ಎಲ್ಎಫ್ ಕೊಟ್ಟು ಆಥರೈಸ್ಡ್ ಕೀಸ್ ಫೈಲ್ ತೋರಿಸಿದರೆ ಎಲ್ಲರ ಫಿಂಗರ್‌ಪ್ರಿಂಟೂ ಒಟ್ಟಿಗೆ ಬರುತ್ತೆ. ಲಾಗಿನ್ ಆದಾಗ ಆತ್ ಲಾಗ್‌ನಲ್ಲಿ ಬೀಳೋದೂ ಅದೇ ಫಿಂಗರ್‌ಪ್ರಿಂಟ್, ತಾಳೆ ನೋಡೋದು ಸುಲಭ. ಲಾಗ್ ಅಂದಮೇಲೆ: ಉಬುಂಟುನಲ್ಲಿ ನಾಲ್ಕು ವಾರಕ್ಕಿಂತ ಹಳೇದು ತಾನಾಗೇ ಅಳಿಯುತ್ತೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಕಂಪನಿಗಳು 180 ದಿನದ ಲಾಗ್ ಇಟ್ಟಿರಬೇಕು. ಹಳೇ ಲಾಗ್ ಅಳಿಸೋ ಲಾಗ್‌ರೊಟೇಟ್‌ನ ಸೆಟ್ಟಿಂಗಲ್ಲಿ, ವಾರದ ಲೆಕ್ಕದ 4 ಇರೋ ಕಡೆ 27 ಮಾಡಿಬಿಡಿ.

ಲ್ಯಾಪ್‌ಟಾಪ್ ಕಳೆದರೆ ಪಾಸ್‌ಫ್ರೇಸ್ ಬದಲಾಯಿಸ್ತೀನಿ ಅನ್ನೋರಿದ್ದಾರೆ. ಕಳ್ಳನ ಕೈಲಿರೋ ಫೈಲಿಗೆ ಹಳೇ ಪಾಸ್‌ಫ್ರೇಸೇ ಇರುತ್ತಲ್ಲ! ಅಳಿಸಬೇಕಾದ್ದು ಸರ್ವರಿನ ಸಾಲು.

ಬ್ಯಾಕಪ್‌ಗೆ ಬೇರೆ ಯೂಸರ್, ಪಾಸ್‌ಫ್ರೇಸ್ ಇಲ್ಲದ ಬೇರೆ ಕೀ. ಮುಂಬೈ ಕಡೆಯ ಸಾಲಿನ ಮುಂದೆ ಮೂರು ಕಡಿವಾಣ ಹಾಕಿ: ರೆಸ್ಟ್ರಿಕ್ಟ್, ಕಮಾಂಡ್, ಫ್ರಮ್. ರೆಸ್ಟ್ರಿಕ್ಟ್ ಅಂದ್ರೆ ಟರ್ಮಿನಲ್, ಫಾರ್ವರ್ಡಿಂಗ್ ಎಲ್ಲ ಬಂದ್. ಕಮಾಂಡ್‌ನಲ್ಲಿ ಆರ್‌ಆರ್‌ಸಿಂಕ್ (ಆರ್‌ಸಿಂಕ್ ಅನ್ನೋ ಕಾಪಿ ಪ್ರೋಗ್ರಾಮಿಗೆ ಮಿತಿ ಹಾಕೋ ಸ್ಕ್ರಿಪ್ಟ್) ಕೊಟ್ಟು ಒಂದೇ ಫೋಲ್ಡರಿಗೆ ಕಟ್ಟಿಹಾಕಿ. ಫ್ರಮ್‌ನಲ್ಲಿ ಆಫೀಸಿನ ಐಪಿ, ಆದರೆ ಸ್ಟ್ಯಾಟಿಕ್ ಐಪಿ ತಗೊಂಡಿದ್ದರೆ ಮಾತ್ರ. ಬದಲಾಗೋ ಐಪಿ ಬರೆದಿಟ್ಟರೆ ಯಾವತ್ತೋ ಒಂದು ರಾತ್ರಿ ಬ್ಯಾಕಪ್ ಸದ್ದಿಲ್ಲದೆ ನಿಲ್ಲುತ್ತೆ.

ಮಾಲೂರಿನಿಂದ

ಏಜೆಂಟಲ್ಲಿ (ತೆರೆದ ಕೀಗಳನ್ನ ನೆನಪಲ್ಲಿಟ್ಟುಕೊಳ್ಳೋ ಪ್ರೋಗ್ರಾಂ) ಏಳೆಂಟು ಕೀ ತುಂಬಿಕೊಂಡಿರೋರಿಗೆ "ಟೂ ಮೆನಿ ಅಥೆಂಟಿಕೇಷನ್ ಫೇಲ್ಯೂರ್ಸ್" ಬರುತ್ತೆ. ಸರ್ವರ್ ಡೀಫಾಲ್ಟ್ ಆಗಿ ಆರು ಪ್ರಯತ್ನಕ್ಕೆ ಬಾಗಿಲು ಹಾಕುತ್ತೆ, ಸರಿಯಾದ ಕೀ ಏಳನೇದಾಗಿದ್ದರೆ ಅದರ ಸರದಿಯೇ ಬರಲ್ಲ. ಲ್ಯಾಪ್‌ಟಾಪಿನ ಕಾನ್ಫಿಗ್ ಫೈಲಲ್ಲಿ ಆ ಹೋಸ್ಟಿಗೆ ಐಡೆಂಟಿಟಿ ಫೈಲ್ ಹೆಸರು ಕೊಟ್ಟು ಐಡೆಂಟಿಟೀಸ್ ಓನ್ಲಿ ಯೆಸ್ ಮಾಡಿ. ಒಂದು ಸರ್ವರ್ ಮೂಲಕ ಇನ್ನೊಂದಕ್ಕೆ ಹೋಗೋದಾದರೆ ಏಜೆಂಟ್ ಫಾರ್ವರ್ಡಿಂಗ್ ಬೇಡ, ನಡುವಿನ ಮಷೀನಲ್ಲಿ ರೂಟ್ ಆಗಿರೋರು ನಿಮ್ಮ ಏಜೆಂಟ್ ಬಳಸಬಹುದು. ಎಸ್‌ಎಸ್‌ಎಚ್ ಕಮಾಂಡಿಗೆ ಕೊಡೋ -ಜೆ, ಕ್ಯಾಪಿಟಲ್ ಜೆ, ಅದೇ ಕೆಲಸ ಮಾಡುತ್ತೆ, ಕೀ ಲ್ಯಾಪ್‌ಟಾಪಲ್ಲೇ ಉಳಿಯುತ್ತೆ.

ಶಿಡ್ಲಘಟ್ಟದಿಂದ

ವಿಂಡೋಸ್ ಮೂವರಿಗೆ. ಪುಟ್ಟಿಜೆನ್‌ನಲ್ಲಿ (ಪುಟ್ಟಿ ಜೊತೆ ಬರೋ, ಕೀ ಮಾಡೋ ಪ್ರೋಗ್ರಾಂ) ಮಾಡಿದ ಪಿಪಿಕೆ ಫೈಲನ್ನ ಪವರ್‌ಶೆಲ್‌ನ ಎಸ್‌ಎಸ್‌ಎಚ್ ಓದಲ್ಲ. ಪುಟ್ಟಿಜೆನ್‌ನ ಕನ್ವರ್ಷನ್ಸ್ ಮೆನುನಲ್ಲಿ ಎಕ್ಸ್‌ಪೋರ್ಟ್ ಓಪನ್‌ಎಸ್‌ಎಸ್‌ಎಚ್ ಕೀ ಇದೆ. ಅದರಲ್ಲಿ "ಸೇವ್ ಪಬ್ಲಿಕ್ ಕೀ" ಒತ್ತಿದರೆ ಬರೋ ಹಲವು ಸಾಲಿನ ಫೈಲ್ ಉಬುಂಟುಗೆ ಉಪಯೋಗವಿಲ್ಲ, ಮೇಲಿನ ಬಾಕ್ಸಲ್ಲಿ ಕಾಣೋ ಒಂದೇ ಸಾಲನ್ನ ಕಾಪಿ ಮಾಡಿ. "ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್" ಅಂದರೆ ಆ ಫೈಲಿನ ಪ್ರಾಪರ್ಟೀಸ್, ಸೆಕ್ಯುರಿಟಿಗೆ ಹೋಗಿ ಇನ್‌ಹೆರಿಟೆನ್ಸ್ ಡಿಸೇಬಲ್ ಮಾಡಿ, ಆ ಯೂಸರ್ ಒಬ್ಬರನ್ನೇ ಉಳಿಸಿ. ಏಜೆಂಟ್ ಸರ್ವಿಸ್ ಡೀಫಾಲ್ಟ್ ಆಗಿ ಡಿಸೇಬಲ್ ಆಗಿರುತ್ತೆ, ಸರ್ವಿಸಸ್‌ನಲ್ಲಿ ಆಟೊಮ್ಯಾಟಿಕ್ ಮಾಡಿ. ಲಿನಕ್ಸ್ ಏಜೆಂಟ್ ಥರ ಅಲ್ಲ ಇದು, ಮಷೀನ್ ರೀಸ್ಟಾರ್ಟ್ ಆದರೂ ಕೀ ನೆನಪಿಟ್ಟುಕೊಂಡಿರುತ್ತೆ, ಹಾಗಾಗಿ ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡಿಸಿ.