ಗುಂಡಿ ತುಂಬಿದ ಹೊಯಿಗೆ (ಮರಳು) ಎಲ್ಲಿಂದ ಬಂತು?

ಸಣ್ಣ ಮಾವ: ನಮ್ಮ ಮನೆಯವರ ಈ ಗ್ರೂಪಿನಲ್ಲಿ ಮೇಲೆ ಹಾಕಿದ ವಿಡಿಯೊ ಎಲ್ಲರೂ ನೋಡಿ. ನೀರಿನಡಿಯಲ್ಲಿ ಹೊಯಿಗೆ ದಿಬ್ಬಗಳು ಹೇಗೆ ನಡೆದುಕೊಂಡು ಹೋಗುತ್ತವೆ! ನಾನು ಹೇಳುತ್ತಿದ್ದದ್ದು ಇದನ್ನೇ. ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯಿಂದ ಎಷ್ಟು ಹೊಯಿಗೆ ತೆಗೆದರೂ ಅದು ತಾನೇ ತುಂಬಿಸಿಕೊಳ್ಳುತ್ತದೆ. ಸುಮ್ಮನೆ ಗಲಾಟೆ ಯಾಕೆ?

ಭಾವ: ಹೌದು ಮಾವ. ನಮ್ಮ ದೋಣಿ ಕಡವಿನಲ್ಲಿ ಹೊಯಿಗೆ ತೆಗೆದ ಗುಂಡಿ ಎರಡೇ ಮಳೆಗಾಲದಲ್ಲಿ ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಾನು: ಮುಚ್ಚಿದ್ದು ನಿಜ ಭಾವ. ಯಾವ ಹೊಯಿಗೆಯಿಂದ? ಮಾವ, ವಿಡಿಯೊ ಇನ್ನೊಮ್ಮೆ ನೋಡಿ. ದಿಬ್ಬಕ್ಕೆ ನೀರು ಬರುವ ಕಡೆ ಹರವಾದ ಏರು, ಆಚೆ ಕಡೆ ಕಡಿದಾದ ಇಳಿಜಾರು. ನೀರು ಈಚೆ ಬದಿಯನ್ನು ಕೊರೆಯುತ್ತದೆ. ಕಣಗಳು ಉರುಳುತ್ತ, ಹಾರುತ್ತ ನೆತ್ತಿಗೆ ಹತ್ತಿ ಆಚೆ ಜಾರಿ ಬೀಳುತ್ತವೆ. ಹಿಂದೆ ಕಳೆದದ್ದೇ ಮುಂದೆ ಸೇರಿದ್ದು. ದಿಬ್ಬ ನಡೆಯಿತು, ಹೊಯಿಗೆ ಒಂದು ಬೊಗಸೆಯೂ ಹೆಚ್ಚಲಿಲ್ಲ.

ಸಣ್ಣ ಮಾವ: ಅದೆಲ್ಲ ಪುಸ್ತಕದ್ದು.

ನಾನು: ಅಲ್ಲ ಮಾವ, ನೀವೇ ತೋರಿಸಿದ್ದು. ಚಿಕ್ಕಂದಿನಲ್ಲಿ ಇಳಿತದ ಹೊತ್ತಿಗೆ ಕೈಹಿಡಿದು ಹೊಳೆಗೆ ಇಳಿಸಿದ್ದಿರಿ. ಹರಿವಿನ ಜೊತೆ ಮೊಣಕಾಲು ನೀರಿನಲ್ಲಿ ಮೆಲ್ಲನೆ ಏರುತ್ತ ಹೋದೆವು. ಒಂದೇ ಹೆಜ್ಜೆಗೆ ಕಾಲಡಿಯ ಹೊಯಿಗೆ ಸರ್ರನೆ ಜಾರಿ ಸೊಂಟದವರೆಗೆ ಮುಳುಗಿದೆ. ಅದೇ ಈ ಆಚೆ ಬದಿ.

ಅಕ್ಕ: ಉಬ್ಬರಕ್ಕೆ ನೀರು ತಿರುಗಿದಾಗ ದಿಬ್ಬವೂ ತಿರುಗುವುದಿಲ್ಲವಾ?

ನಾನು: ಮೇಲಿನ ಸಣ್ಣ ಅಲೆಗೆರೆಗಳು ತಿರುಗುತ್ತವೆ ಅಕ್ಕ. ದೊಡ್ಡ ದಿಬ್ಬದ ನೆತ್ತಿ ಸವೆದೀತು, ಅಷ್ಟೆ. ಅಷ್ಟು ರಾಶಿಯನ್ನು ಮಗುಚಲು ಆರು ಗಂಟೆಯ ಉಬ್ಬರ ಸಾಲದು. ಇನ್ನೊಂದು, ನೀರಿನ ವೇಗ ಎರಡು ಪಟ್ಟಾದರೆ ಹೊಯಿಗೆ ಸಾಗುವುದು ಸುಮಾರು 8 ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಹಾಗಾಗಿ ಆಟಿ ತಿಂಗಳ ಮಳೆಗಾಲದ ನೆರೆ ನಾಲ್ಕು ದಿನದಲ್ಲಿ ದೂಡುವಷ್ಟನ್ನು ಬೇಸಗೆಯ ಹೊಳೆ ವಾರಗಟ್ಟಲೆ ಹರಿದರೂ ದೂಡುವುದಿಲ್ಲ.

ಭಾವ: ಹಾಗಾದರೆ ನಮ್ಮ ಗುಂಡಿ?

ನಾನು: ಮೇಲಿನಿಂದ ನಡೆದು ಬಂದ ದಿಬ್ಬ ಗುಂಡಿಗೆ ಬಿದ್ದು ಅಲ್ಲೇ ನಿಂತಿತು. ಕೆಳಗೆ ಅಳಿವೆಯ ಕಡೆಗೆ ಹೋಗಬೇಕಾದ್ದು ಹೋಗಲಿಲ್ಲ. ಸುಳ್ಯದ ಕಡೆಯಿಂದ ಚಂದ್ರಗಿರಿಗೆ ಸೇರುವ ಪಯಸ್ವಿನಿ ಹೊಳೆ ಹೊಸತಾಗಿ ತಂದದ್ದಷ್ಟೇ ನಮ್ಮ ವರಮಾನ. ಅದನ್ನು ಮೀರಿ ತೆಗೆದರೆ ತಳ ಇಳಿಯುತ್ತದೆ, ತಳ ಇಳಿದಷ್ಟೂ ಉಪ್ಪುನೀರಿಗೆ ಮೇಲೇರಲು ದಾರಿ. ಬೇಸಗೆಯಲ್ಲಿ ಪೇಟೆಗೆ ನೀರೆತ್ತುವ ಬಾವಿಕ್ಕರೆವರೆಗೆ ಉಪ್ಪು ಏರಿ, ಪೇಟೆಯ ನಲ್ಲಿಯಲ್ಲಿ ಅದೇ ನೀರು ಬರುತ್ತಿದ್ದ ವರ್ಷಗಳು ಮರೆತುಹೋಯಿತಾ?

ಅಕ್ಕ: ಮರೆಯುವುದುಂಟಾ? ಆ ನೀರಿನ ಚಹಾ ಬಾಯಿಗಿಡಲು ಆಗುತ್ತಿರಲಿಲ್ಲ.

ಸಣ್ಣ ಮಾವ: ಕಡವಿನಿಂದ ಕೆಳಗೆ ಈಗ ದೋಣಿ ದೂಡುವ ಜಲ್ಲೆ ನೆಲಕ್ಕೆ ಮುಟ್ಟುವುದಿಲ್ಲ, ಅದು ನಿಜ. ಮೊದಲು ಅರ್ಧ ಜಲ್ಲೆಗೆ ತಳ ಸಿಗುತ್ತಿತ್ತು.