ಎಫ್‌ಸಿಗೆ (ಗಾಡಿ ಫಿಟ್‌ನೆಸ್ ಪರೀಕ್ಷೆ) ಹೋಗೋ ಮುಂಚೆ ಡೀಸೆಲ್ ಎಷ್ಟು ಹಾಕಿಸ್ಬೇಕು? ಗಾಡಿ ರಿಸರ್ವ್‌ಗೆ ಬಿದ್ದಿದೆ

ತುಂಗೆಯ ಆಚೆದಡ:
ಎಲ್ರಿಗೂ ನಮಸ್ಕಾರ. ಅಪ್ಪಯ್ಯನ ಹೆಸರಲ್ಲಿ 2011ರ ಸ್ವಿಫ್ಟ್ ಡೀಸೆಲ್ ಇದೆ, ಹದಿನೈದು ವರ್ಷ ತುಂಬ್ತಾ ಬಂತು, ಆರ್‌ಸಿ ರಿನ್ಯೂವಲ್‌ಗೆ ಅಂತ ಗುರುವಾರ ಬೆಳಿಗ್ಗೆ ಶಿವಮೊಗ್ಗ ಆರ್‌ಟಿಒಲಿ ಗಾಡಿ ತೋರಿಸ್ಬೇಕು. ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ರೋಡಲ್ಲಿ ಹೋಗಿ ಒಳಗೆ ತಿರುಗಿದ್ರೆ ಸಿಗೋದು, ಶಿವಮೊಗ್ಗಕ್ಕೆ ಹತ್ತತ್ರ ಎಂಬತ್ತು ಕಿಲೋಮೀಟರ್. ಈಗ ಸಮಸ್ಯೆ ಎಂತ ಅಂದ್ರೆ ಗಾಡಿ ರಿಸರ್ವ್‌ಗೆ ಬಿದ್ದಿದೆ. ಮನೆ ಮುಂದಿನ ದಿಬ್ಬ ಹತ್ತುವಾಗ ಲೈಟ್ ಬರುತ್ತೆ, ಮೇಲೆ ಸಪಾಟು ಜಾಗಕ್ಕೆ ಬಂದ್ರೆ ಆಫ್ ಆಗುತ್ತೆ, ಹಂಗಾಗಿ ಎಷ್ಟು ಉಳಿದಿದೆ ಅಂತ ನಂಬೋದು ಹೆಂಗೆ ಅಂತಾನೇ ಗೊತ್ತಾಗ್ತಿಲ್ಲ.

ಫುಲ್ ಟ್ಯಾಂಕ್ ಮಾಡ್ಸೋಕೆ ಮನಸ್ಸಿಲ್ಲ, ಯಾಕಂದ್ರೆ ಈ ಗಾಡಿ ಪಾಸ್ ಆಗ್ದಿದ್ರೆ ರಿಪೇರಿ ಮಾಡ್ಸೋದಾ ಗುಜರಿಗೆ ಕೊಡೋದಾ ಅಂತ ಮನೇಲಿ ಇನ್ನೂ ತೀರ್ಮಾನ ಆಗಿಲ್ಲ, ಈಗಾಗ್ಲೇ ರಿನ್ಯೂವಲ್ ಫೀಸ್ 5000 ಕಟ್ಟಿ ಆಗಿದೆ, ಮೇಲಿಂದ ಗುಜರಿಯವನಿಗೆ ಟ್ಯಾಂಕ್ ತುಂಬ ಡೀಸೆಲ್ ದಾನ ಮಾಡೋದು ಯಾಕೆ ಅಂತ ಅಪ್ಪಯ್ಯನ ವಾದ. ನಮ್ಮೂರಲ್ಲಿ ಒಬ್ರು ಡೀಸೆಲ್ ಕಮ್ಮಿ ಇದ್ರೆ ತಳದ ಗಸಿ ಎಳ್ದು ಕಪ್ಪು ಹೊಗೆ ಬರುತ್ತೆ, ಎಮಿಷನ್ ಫೇಲ್ ಆಗುತ್ತೆ ಅಂತ ಹೆದ್ರಿಸಿದಾರೆ. ಇನ್ನೊಬ್ರು ಗಾಡಿ ಹಗುರ ಇದ್ರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತೆ, ಕಮ್ಮೀನೇ ಇರ್ಲಿ ಅಂತಾರೆ. ಯಾರ ಮಾತು ಕೇಳೋದು ಮಾರಾಯ್ರೆ?

ಕುಂಸಿ ಕಡೆಯವ:
ಬ್ರೇಕ್ ಇನ್ಸ್‌ಪೆಕ್ಟ್ರು (ಆರ್‌ಟಿಒಲಿ ಗಾಡಿ ಪರೀಕ್ಷೆ ಮಾಡೋರು) ಡೀಸೆಲ್ ಮುಳ್ಳು ನೋಡಿ ಫೇಲ್ ಮಾಡಿದ್ದು ನಾನಂತೂ ಕೇಳಿಲ್ಲ. ಅವ್ರು ನೋಡೋದು ಹೆಡ್‌ಲೈಟು, ಇಂಡಿಕೇಟರ್, ಹಾರನ್, ವೈಪರ್, ಟೈರ್, ಬ್ರೇಕು, ಹ್ಯಾಂಡ್‌ಬ್ರೇಕು, ಸೀಟ್ ಬೆಲ್ಟು, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು, ಆಮೇಲೆ ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತಾ ಅಂತ. ಚಾಸಿ ನಂಬರ್ ಮೇಲೆ ಮಣ್ಣು ತುಕ್ಕು ಕೂತಿದ್ರೆ ಮೊದ್ಲೇ ಒರೆಸಿಟ್ಕೊಳ್ಳಿ, ಅಲ್ಲಿ ಹೋಗಿ ಉಜ್ಜೋಕೆ ಕೂತ್ರೆ ಹಿಂದಿನವ್ರು ಬಯ್ತಾರೆ. ಹಗುರ ಗಾಡಿ ಬ್ರೇಕ್ ಕತೆ ಎಲ್ಲ ಬಿಡಿ, ಮೂವತ್ತು ಲೀಟರ್ ಡೀಸೆಲ್ ಅಂದ್ರೆ ಇಪ್ಪತ್ತೈದು ಕೆಜಿ, ಒಂದು ಸ್ಕೂಲ್ ಹುಡುಗನ ತೂಕ. ಅದ್ರಿಂದ ಏನೂ ಆಗಲ್ಲ.

ಹಳೇ ಸ್ಪ್ಯಾನರ್:
ಕುಂಸಿಯವ್ರು ಹೇಳಿದ್ದು ಸರಿ, ಮುಳ್ಳು ಯಾರೂ ನೋಡಲ್ಲ. ಆದ್ರೆ ಡೀಸೆಲ್ ಗಾಡೀಲಿ ಕಮ್ಮಿ ಇಟ್ಕೊಂಡು ಓಡ್ಸೋದು ಬೇರೆ ಕಾರಣಕ್ಕೆ ಬೇಡ. ನಾನು ಬಹಳ ವರ್ಷ ಗ್ಯಾರೇಜಲ್ಲಿದ್ದವ, ಸ್ವಲ್ಪ ಉದ್ದ ಆಗುತ್ತೆ ಓದ್ಕೊಳ್ಳಿ.

ಗಸಿ ಮಾತು ಅರ್ಧ ಸುಳ್ಳು. ಟ್ಯಾಂಕ್ ತುಂಬಿದ್ರೂ ಖಾಲಿ ಇದ್ರೂ ಪೈಪ್ ಡೀಸೆಲ್ ಎಳೆಯೋದು ತಳದಿಂದಾನೇ, ಮೇಲಿನ ಕೆನೆ ತಗೊಂಡು ಕೆಳಗಿಂದು ಬಿಡೋ ವ್ಯವಸ್ಥೆ ಯಾವ ಗಾಡೀಲೂ ಇಲ್ಲ. ಕಮ್ಮಿ ಇದ್ದಾಗ ಆಗೋದು ಎಂತ ಅಂದ್ರೆ ಡೀಸೆಲ್ ಒಳಗೆ ಜಾಸ್ತಿ ಅಲ್ಲಾಡುತ್ತೆ, ತಳದಲ್ಲಿ ಸುಮ್ನೆ ಕೂತಿದ್ದ ನೀರು, ಕೊಳೆ ಎದ್ದು ಬೆರೆಯುತ್ತೆ. ಅದನ್ನ ಹಿಡಿಯೋಕೇ ಫಿಲ್ಟರ್ ಇರೋದು. ಫಿಲ್ಟರ್ ಹಳೇದಾಗಿದ್ರೆ ಆಗ ಕಟ್ಕೊಳ್ಳುತ್ತೆ, ಪಿಕಪ್ ಬಿದ್ದೋಗುತ್ತೆ. ಮಲೆನಾಡಲ್ಲಿ ಮಳೆಗಾಲ ಪೂರ್ತಿ ಅರ್ಧ ಖಾಲಿ ಟ್ಯಾಂಕಲ್ಲಿ ಗಾಡಿ ನಿಲ್ಸಿದ್ರೆ ಒಳಗಿನ ಗಾಳೀಲಿರೋ ತೇವ ಟ್ಯಾಂಕಿನ ಗೋಡೆಗೆ ಬೆವರಾಗಿ ಇಳಿದು ತಳಕ್ಕೆ ಸೇರುತ್ತೆ, ನೀರು ಡೀಸೆಲ್‌ಗಿಂತ ಭಾರ, ಅಲ್ಲೇ ಕೂರುತ್ತೆ. ಫಿಲ್ಟರ್ ಕೆಳಗಿನ ಸ್ಕ್ರೂ ಸಡ್ಲ ಮಾಡಿ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ನೋಡಿ. ಹತ್ತು ನಿಮಿಷ ಅಲ್ಲಾಡಿಸದೆ ಬಿಟ್ರೆ ತಳದಲ್ಲಿ ನೀರಿನ ಗುಳ್ಳೆ ಬೇರೆಯಾಗಿ ನಿಲ್ಲುತ್ತೆ, ಮೇಲೆ ಡೀಸೆಲ್ ಹಳದಿಯಾಗಿ ಕಾಣುತ್ತೆ. ಗುಳ್ಳೆ ಕಂಡ್ರೆ ನೀರು ಹೋಗೋವರೆಗೂ ಇಳಿಸಿ.

ನಿಜವಾದ ಅಪಾಯ ಗಾಳಿ. ದಿಬ್ಬ ಹತ್ತುವಾಗ ಡೀಸೆಲ್ ಎಲ್ಲ ಟ್ಯಾಂಕಿನ ಒಂದು ಬದಿಗೆ ಹೋಗುತ್ತೆ, ನಿಮ್ಮ ಲೈಟ್ ಬಂದು ಹೋಗ್ತಿರೋದೂ ಅದಕ್ಕೇ, ಒಳಗಿನ ತೇಲೋ ಬುಂಡೆ ಏರಿಳಿಯುತ್ತೆ. ಅಂಥ ಕಡೆ ಪೈಪಿಗೆ ಒಂದ್ಸಲ ಗಾಳಿ ಸಿಕ್ತು ಅಂದ್ರೆ ಗಾಡಿ ನಿಂತೋಯ್ತು. ಪೆಟ್ರೋಲ್ ಗಾಡಿ ಆದ್ರೆ ಎರಡು ಲೀಟರ್ ಹುಯ್ದು ಸೆಲ್ಫ್ ಹೊಡೆದ್ರೆ ಹೊರಡುತ್ತೆ, ಡೀಸೆಲ್‌ಗೆ ಲೈನಲ್ಲಿರೋ ಗಾಳಿ ತೆಗೀಬೇಕು. ಹಳೇ ಜೀಪುಗಳಲ್ಲಿ ಕೈಯಲ್ಲೇ ಪಂಪ್ ಒತ್ತಿ ತೆಗೀತಿದ್ವಿ. ನಿಮ್ದು ಕಾಮನ್ ರೈಲ್ ಇಂಜಿನ್, ಅಂದ್ರೆ ಒಂದೇ ಪೈಪಲ್ಲಿ ಭಾರೀ ಒತ್ತಡದಲ್ಲಿ ಡೀಸೆಲ್ ಇಟ್ಟು ಎಲ್ಲ ಸಿಲಿಂಡರ್‌ಗೂ ಕೊಡೋದು, ಅದ್ರ ಹೈ ಪ್ರೆಶರ್ ಪಂಪಿಗೆ ಆಯಿಲೂ ಡೀಸೆಲ್ಲೇ, ಒಣಗಿ ತಿರುಗಿದ್ರೆ ಸವೆಯುತ್ತೆ. ಅದು ಹೋದ್ರೆ ಆ ಬಿಲ್ಲಿನ ಮುಂದೆ ನಿಮ್ಮ ಫುಲ್ ಟ್ಯಾಂಕ್ ಖರ್ಚು ಲೆಕ್ಕಕ್ಕೇ ಇಲ್ಲ.

ಹಳದಿ ಬೋರ್ಡ್ ಸಾಗರ:
ಟ್ಯಾಕ್ಸಿಯವ ನಾನು. ಎಂಟು ವರ್ಷ ದಾಟಿದ ಗಾಡಿ, ನಮಗೆ ಪ್ರತಿ ವರ್ಷ ಎಫ್‌ಸಿ, ನಿಮ್ಮ ವೈಟ್ ಬೋರ್ಡಿಗೆ ಪಾಸಾದ್ರೆ ಐದು ವರ್ಷ ಆರಾಮ, ಅಷ್ಟಕ್ಕೇ ಇಷ್ಟು ತಲೆಬಿಸಿ ಮಾಡ್ಕೋತೀರಲ್ಲ.

ಸ್ಪ್ಯಾನರ್ ಅಣ್ಣ ಬಿಟ್ಟಿದ್ದು ಒಂದು ಹೇಳ್ತೀನಿ. ಎಮಿಷನ್ ಟೆಸ್ಟ್‌ಗೆ ಇಂಜಿನ್ ಬಿಸಿ ಇರ್ಬೇಕು. ಡೀಸೆಲ್ ಗಾಡಿಗೆ ಸೈಲೆನ್ಸರಲ್ಲಿ ಪೈಪ್ ಇಟ್ಟು ನ್ಯೂಟ್ರಲ್ಲಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿಸ್ತಾರೆ, ಒಂದ್ಸಲ ಅಲ್ಲ, ಮತ್ತೆ ಮತ್ತೆ. ನಿಮ್ಮದು ಬಿಎಸ್ 3 (ಭಾರತ್ ಸ್ಟೇಜ್, ಹೊಗೆ ಮಿತಿಯ ದರ್ಜೆ) ಅಂತ ಆರ್‌ಸಿಲಿದ್ರೆ ಹೊಗೆ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಅಂತ ಅಳೆಯೋ ಲೆಕ್ಕ) ಒಳಗಿರ್ಬೇಕು, ಬಿಎಸ್ 4 ಆದ್ರೆ 50. ತಣ್ಣಗಿನ ಇಂಜಿನ್‌ಗೆ ಹಂಗೆ ಒತ್ತಿದ್ರೆ ಕಪ್ಪು ಬಂದೇ ಬರುತ್ತೆ, ಆಮೇಲೆ ಡೀಸೆಲ್ ಕಮ್ಮಿ ಇತ್ತು ಅದಕ್ಕೇ ಹಿಂಗಾಯ್ತು ಅಂತ ಜನ ಕತೆ ಕಟ್ಟೋದು. ತೀರ್ಥಹಳ್ಳಿಯಿಂದ ಬರುವಾಗ ಗೇರ್ ಇಳಿಸಿ ಸ್ವಲ್ಪ ಆರ್‌ಪಿಎಂ ಏರ್ಸಿಕೊಂಡು ಬನ್ನಿ, ಸೈಲೆನ್ಸರಲ್ಲಿ ಕೂತಿರೋ ಮಸಿ ಹೊರಗೆ ಹೋಗ್ಲಿ, ಊರು ಸೇರಿದ ಕೂಡ್ಲೇ ಮೊದ್ಲು ಎಮಿಷನ್ ಮಾಡ್ಸಿ ಆಮೇಲೆ ಟೀ ಕುಡೀರಿ. ಏರ್ ಫಿಲ್ಟರ್ ಮೊದ್ಲೇ ಊದಿಸಿ, ಹೊಗೆಗೆ ಅದೂ ಒಂದು ದೊಡ್ಡ ಕಾರಣ.

ಆಮೇಲೆ ಕ್ಯೂ. ಗಾಡಿ ಮುಂದೆ ಮುಂದೆ ತಳ್ತಾ ಎಷ್ಟು ಹೊತ್ತು ಹೋಗುತ್ತೋ ಹೇಳೋಕಾಗಲ್ಲ, ಸೆಕೆ ಅಂತ ಎಸಿ ಹಾಕ್ಕೊಂಡು ಸ್ಟಾರ್ಟಲ್ಲೇ ಇಟ್ರೆ ಗಂಟೆಗೆ ಒಂದು ಲೀಟರ್ ಹತ್ರ ಸುಟ್ಟೋಗುತ್ತೆ. ರಿಸರ್ವಲ್ಲಿ ಬಂದವ ಕ್ಯೂ ಮಧ್ಯ ನಿಂತ್ರೆ ಅಲ್ಲಿ ಮರ್ಯಾದೆ ಎಂತ ಆಗುತ್ತೆ ನೀವೇ ಯೋಚ್ನೆ ಮಾಡಿ.

ತುಂಗೆಯ ಆಚೆದಡ:
ಎಲ್ರಿಗೂ ಥ್ಯಾಂಕ್ಸ್. ಇನ್ನೊಂದು ಡೌಟು. ಮನೇಲಿ ಟಿಲ್ಲರ್‌ಗೆ ಅಂತ ತಂದಿಟ್ಟ ಡೀಸೆಲ್ ಕ್ಯಾನ್ ಇದೆ, ಐದಾರು ಲೀಟರ್ ಇರ್ಬಹುದು, ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ಮಳೆಗಾಲದಿಂದ ಇದೆ. ತೀರ್ಥಹಳ್ಳಿವರೆಗೆ ಹೋಗೋಕೆ ಅದನ್ನೇ ಹಾಕ್ಬಹುದಾ? ಬೆಳಿಗ್ಗೆ ಬೇಗ ಹೊರಡ್ಬೇಕು, ಅಷ್ಟು ಹೊತ್ತಿಗೆ ಬಂಕ್ ತೆಗೆದಿರ್ತಾರೋ ಇಲ್ವೋ. ನಮ್ಮ ಚಿಕ್ಕಪ್ಪ ಅದಕ್ಕೆ ಸ್ವಲ್ಪ ಸೀಮೆಎಣ್ಣೆ ಬೆರೆಸು, ಹೊಗೆ ಕಮ್ಮಿ ಆಗುತ್ತೆ ಅಂತಿದಾರೆ.

ಹಳೇ ಸ್ಪ್ಯಾನರ್:
ಸೀಮೆಎಣ್ಣೆ ಮಾತ್ರ ಬೇಡ್ವೇ ಬೇಡ. ಚಿಕ್ಕಪ್ಪಂಗೆ ನಮಸ್ಕಾರ ಹೇಳಿ, ಅವ್ರ ಕಾಲದ ಲಾರಿಗಳು ಅದನ್ನೂ ಕುಡಿದು ಓಡ್ತಿದ್ವು. ಸೀಮೆಎಣ್ಣೇಲಿ ಜಿಡ್ಡು ಕಮ್ಮಿ, ನಾನು ಮೇಲೆ ಹೇಳಿದ ಪಂಪನ್ನ ಅದು ತಿಂದಾಕುತ್ತೆ, ಹೊಗೆ ಒಂದಿನ ಕಮ್ಮಿ ಕಾಣ್ಬಹುದು ಅಷ್ಟೆ.

ಕ್ಯಾನಿನ ಡೀಸೆಲ್ ಹಾಕ್ಲೇಬೇಕು ಅಂದ್ರೆ ಹಿಂದಿನ ದಿನಾನೇ ಕ್ಯಾನನ್ನ ಜಗಲಿ ಮೇಲೆ ಅಲ್ಲಾಡದ ಹಾಗೆ ಇಡಿ, ರಾತ್ರಿಯೆಲ್ಲ ಕೂರ್ಲಿ. ಬೆಳಿಗ್ಗೆ ಅಲ್ಲಾಡಿಸದೆ ಮೇಲಿಂದ ಮಾತ್ರ ಬಗ್ಗಿಸ್ಕೊಳ್ಳಿ, ಕೊನೇ ಒಂದು ಲೀಟರ್ ಟಿಲ್ಲರ್‌ಗೂ ಬೇಡ, ಚೆಲ್ಲೋದೂ ಬೇಡ, ಬಾವಿ ಇರೋ ಮನೆ ನಿಮ್ದು, ಗ್ಯಾರೇಜಿಗೆ ಕೊಟ್ಬಿಡಿ ಪಾರ್ಟ್ಸ್ ತೊಳೆಯೋಕೆ ಬರುತ್ತೆ. ಹಳೇ ಪಂಚೆ ಬಟ್ಟೇಲಿ ಸೋಸಿದ್ರೆ ನೂಲು ಬಿಡುತ್ತೆ, ಬಲೆ ಇರೋ ಫನಲ್ ತಗೊಳ್ಳಿ. ಮೂರು ಲೀಟರ್ ಸಿಕ್ರೆ ಸಾಕು ತೀರ್ಥಹಳ್ಳಿಗೆ.

ಕುಂಸಿ ಕಡೆಯವ:
ಅಷ್ಟೆಲ್ಲ ಯಾಕೆ, ಬುಧವಾರ ಸಂಜೆನೇ ತೀರ್ಥಹಳ್ಳಿಗೆ ಹೋಗಿ ಹಾಕಿಸ್ಕೊಂಡು ಬಂದ್ರೆ ಆಯ್ತಪ್ಪ. ಸಂತೆ ಸಾಮಾನೂ ಆಗುತ್ತೆ.

ಹಳದಿ ಬೋರ್ಡ್ ಸಾಗರ:
ಅದೇ ಒಳ್ಳೇದು. ಮತ್ತೆ ಲೆಕ್ಕ ಹೇಳ್ಬಿಡ್ತೀನಿ ಅಪ್ಪಯ್ಯಂಗೆ ತೋರ್ಸಿ. ನಮ್ಮ ಕಡೆ ರಸ್ತೇಲಿ ಆ ಗಾಡಿ ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡುತ್ತೆ ಅಂತ ಇಟ್ಕೊಳ್ಳಿ, ಹೋಗೋಕೆ ನಾಲ್ಕೂವರೆ ಬರೋಕೆ ನಾಲ್ಕೂವರೆ, ಕ್ಯೂಲಿ ಒಂದು, ಹತ್ತು ಲೀಟರ್ ಆಯ್ತು. ಸಾವಿರ ರೂಪಾಯಿಗೆ ಹನ್ನೊಂದು ಲೀಟರ್ ಹತ್ರ ಬರುತ್ತೆ. ಆದ್ರೆ ಲೆಕ್ಕಕ್ಕೆ ಸರಿಯಾಗಿ ಹಾಕ್ಸಿದ್ರೆ ವಾಪಸ್ ಬರುವಾಗ ಮತ್ತೆ ಅದೇ ದಿಬ್ಬದಲ್ಲಿ ಅದೇ ಲೈಟು. ಎರಡು ಸಾವಿರಕ್ಕೆ ಹಾಕ್ಸಿ ಮುಗೀತು, ಅರ್ಧ ಟ್ಯಾಂಕ್ ಆಗುತ್ತೆ. ಫೇಲಾದ್ರೂ ಗಾಡಿ ಅಲ್ಲೇ ಕಿತ್ಕೊಳ್ಳಲ್ಲ ಮಾರಾಯ್ರೆ, ಇಂಥದ್ದು ಸರಿ ಇಲ್ಲ ಅಂತಾರೆ, ಮಾಡಿಸ್ಕೊಂಡು ಮತ್ತೆ ತೋರ್ಸೋದು, ಆ ಓಡಾಟಕ್ಕೂ ಡೀಸೆಲ್ ಬೇಕಲ್ಲ. ಗುಜರಿಗೇ ಕೊಡೋದಾದ್ರೆ ಟಿಲ್ಲರ್ ಇದ್ಯಲ್ಲ, ಪೈಪ್ ಹಾಕಿ ಇಳಿಸ್ಕೊಳ್ಳಿ.

ಮಂಡಗದ್ದೆ ಆಚೆ ಈಚೆ ಕಾಡು ಜಾಸ್ತಿ, ಫೋನ್ ಸಿಗ್ದಿರೋ ಜಾಗಾನೂ ಇದೆ, ಅಲ್ಲಿ ನಿಂತ್ರೆ ಸಕ್ರೆಬೈಲಿನ ಆನೆ ಕರ್ಸಿ ಎಳೆಸ್ಬೇಕು. ಹಂಗಾಗಿ ಶಿವಮೊಗ್ಗದಲ್ಲೇ ಹಾಕಿಸ್ತೀನಿ ಅಂತ ಮಾತ್ರ ಹೊರಡ್ಬೇಡಿ.

ತುಂಗೆಯ ಆಚೆದಡ:
ಸರಿ, ಬುಧವಾರ ಸಂಜೆ ಎರಡು ಸಾವಿರಕ್ಕೆ. ಅಪ್ಪಯ್ಯಂಗೆ ಟಿಲ್ಲರ್‌ಗೆ ಇಳಿಸ್ಕೋಬಹುದು ಅಂದ ಕೂಡ್ಲೇ ಒಪ್ಪಿದ್ರು, ಪಂಪು ಗಾಳಿ ಎಲ್ಲ ಹೇಳಿದ್ದು ದಂಡ. ಫಿಲ್ಟರ್ ಸ್ಕ್ರೂ ಇವತ್ತು ಬಿಚ್ಚಿ ನೋಡ್ತೀನಿ. ಸ್ಪ್ಯಾನರ್ ಅಣ್ಣ, ಅದು ಕೈಯಲ್ಲೇ ಸಡ್ಲ ಆಗುತ್ತಾ, ಪ್ಲೈಯರ್ ಬೇಕಾ?

ಹಳೇ ಸ್ಪ್ಯಾನರ್:
ಕೈಯಲ್ಲೇ ಆಗ್ಬೇಕು. ಆಗ್ದಿದ್ರೆ ಪ್ಲೈಯರ್ ಹಾಕಿ ತಿರುಚೋಕೆ ಹೋಗ್ಬೇಡಿ, ಪ್ಲಾಸ್ಟಿಕ್ ಆಗಿದ್ರೆ ಮುರಿಯುತ್ತೆ, ಆಮೇಲೆ ಅಲ್ಲಿಂದಾನೇ ಗಾಳಿ ಎಳೆಯುತ್ತೆ. ಫಿಲ್ಟರ್ ಯಾವಾಗ ಬದಲಾಯ್ಸಿದ್ದು ಅಂತ ನೆನಪೇ ಇಲ್ದಿದ್ರೆ ಬಿಚ್ಚೋದೇ ಬೇಡ, ತೀರ್ಥಹಳ್ಳೀಲಿ ಡೀಸೆಲ್ ಹಾಕ್ಸೋ ದಿನಾನೇ ಹೊಸದು ಹಾಕ್ಸಿಬಿಡಿ.